ಪಾಟಿಯಮ್ಮನ ಕಪ್ಪಲ್

ಇದೆಲ್ಲ ಶುರುವಾಗಿದ್ದು ಒಂದು ಪಿಂಚಣಿ ಅರ್ಜಿಯಿಂದ.

ನಾನು ಕೊಟ್ಟಿಗೆಹಾರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಹಾಜರಿ ಹಾಕೋದು, ಚೆಕ್‌ರೋಲ್ ಬರೆಯೋದು, ವಾರದ ಬಟವಾಡೆ ಮಾಡೋದು ನನ್ನ ಕೆಲಸ. ಅದರ ಜೊತೆಗೆ ಲೈನ್ ಮನೆಗಳಲ್ಲಿ ಯಾರಿಗೆ ಯಾವ ಅರ್ಜಿ ಬರೆಯಬೇಕಾದರೂ ನನ್ನ ಹತ್ತಿರವೇ ಬರುತ್ತಾರೆ. 2023ರ ಮಳೆಗಾಲದಲ್ಲಿ ಪಾಟಿಯಮ್ಮ ಬಂದರು. ತೋಟದಲ್ಲಿ ಎಲ್ಲರೂ ಅವರನ್ನು ಕರೆಯೋದು ಹಾಗೇ. ಸಂಧ್ಯಾ ಸುರಕ್ಷಾಕ್ಕೆ ಅರ್ಜಿ ಹಾಕಬೇಕು, ಆಧಾರ್‌ನಲ್ಲಿ ವಯಸ್ಸು ತಪ್ಪಾಗಿದೆ, ಏನಾದರೂ ಹಳೇ ಕಾಗದ ಬೇಕು ಅಂತ ಕಚೇರಿಯಲ್ಲಿ ವಾಪಸ್ ಕಳಿಸಿದ್ದರು.

“ಹುಟ್ಟಿದ್ದು ಎಲ್ಲಿ?” ಅಂತ ಕೇಳಿದೆ.

“ಸಿಲೋನ್.”

ಹದಿನೈದು ವರ್ಷದಿಂದ ನೋಡುತ್ತಿದ್ದೇನೆ, ಇದು ಗೊತ್ತೇ ಇರಲಿಲ್ಲ. ಮಗಳನ್ನು ಇಲ್ಲಿಗೆ ಮದುವೆ ಮಾಡಿಕೊಟ್ಟು, ಸುಳ್ಯದ ಕಡೆಯ ರಬ್ಬರ್ ತೋಟದಿಂದ ಬಂದವರು ಅಂತಷ್ಟೇ ತಿಳಿದಿದ್ದೆ. ಸಿಲೋನ್, ಈಗಿನ ಶ್ರೀಲಂಕಾ, ಅಂದರೆ ನಮ್ಮ ಮನೆಯಲ್ಲಿ ರೇಡಿಯೋ. ಅಪ್ಪ ಬೆಳಗ್ಗೆ ಎದ್ದು ಮುಳ್ಳು ತಿರುಗಿಸಿ ಹುಡುಕುತ್ತಿದ್ದ ಸ್ಟೇಷನ್ನು. ಅಲ್ಲಿ ಹುಟ್ಟಿದವರೊಬ್ಬರು ನಮ್ಮ ಲೈನಿನ ಮೂರನೇ ಮನೆಯಲ್ಲಿ ಇದ್ದಾರೆ ಅಂದರೆ ನಂಬೋದು ಹೇಗೆ?

“ಅಲ್ಲಿಂದ ಹೇಗೆ ಬಂದ್ರಿ?”

“ಕೋಚ್ಚಿ ಹತ್ತಿ ಬಂದ್ವಿ. ಆಮೇಲೆ ರಾಮಾನುಜಂ.”

“ಯಾರು ರಾಮಾನುಜಂ? ನಿಮ್ಮ ಕಡೆಯವರಾ?”

ಪಾಟಿಯಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. “ಅಯ್ಯೋ ರೈಟ್ರೇ, ಅದು ಕಪ್ಪಲ್!”

ಕಪ್ಪಲ್ ಅಂದರೆ ಹಡಗು. ಅಷ್ಟು ತಮಿಳು ನನಗೂ ಬರುತ್ತದೆ. ಕೋಚ್ಚಿ ಅಂದರೆ ಕೇರಳದ ಕೊಚ್ಚಿ ಅಂತ ನಾನೇ ತೀರ್ಮಾನ ಮಾಡಿಕೊಂಡೆ. ಸಿಲೋನಿನಿಂದ ಕೊಚ್ಚಿ ಬಂದರಿಗೆ ರಾಮಾನುಜಂ ಅನ್ನೋ ಹಡಗು. ಸರಿ, ಹುಡುಕಿದರಾಯ್ತು.

ಸುಮಾರು ಒಂದು ತಿಂಗಳು ನಾನು ಹುಡುಕಿದ್ದು ಇದನ್ನೇ. ರಾತ್ರಿ ಊಟ ಆದ ಮೇಲೆ, ನೆಟ್‌ವರ್ಕ್ ಸಿಗುವ ಪಲ್ಪ್ ಹೌಸ್ ಮುಂದೆ ಕೂತು ಮೊಬೈಲ್ ಒತ್ತೋದು. ರಾಮಾನುಜಂ ಅಂತ ಹಾಕಿದರೆ ಗಣಿತದವರು ಬರುತ್ತಾರೆ. ಇಲ್ಲ ಅಂದರೆ ಆಚಾರ್ಯರು ಬರುತ್ತಾರೆ. ಕೊಚ್ಚಿ, ಹಡಗು, ಸಿಲೋನ್ ಅಂತ ಸೇರಿಸಿದರೆ ಹಡಗು ಕಟ್ಟುವ ಕಾರ್ಖಾನೆ ಬರುತ್ತದೆ. ಪಾಟಿಯಮ್ಮನಿಗೆ ಮರೆವು ಅಂತ ಅಂದುಕೊಂಡೆ. ದಡ್ಡ ನಾನು.

ಮುಂದಿನ ಸಾರಿ ಅವರು ಬರುವಾಗ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಪಾಸ್‌ಪೋರ್ಟ್ ತಂದಿದ್ದರು. ಹೊಲಿಗೆ ಬಿಟ್ಟಿತ್ತು, ರಟ್ಟಿನ ಮೂಲೆಗಳು ದುಂಡಗಾಗಿದ್ದವು. ಒಳಗೆ ಎರಡು ಜಡೆ ಹಾಕಿಕೊಂಡ ಹುಡುಗಿಯ ಫೋಟೋ. ಕೊಟ್ಟಿದ್ದು ಕ್ಯಾಂಡಿಯಲ್ಲಿದ್ದ ಭಾರತದ ಸಹಾಯಕ ಹೈಕಮಿಷನ್. ಹುಟ್ಟಿದ ದಿನದ ಜಾಗದಲ್ಲಿ ಬರೀ ಇಸವಿ, 1953.

ಕೊನೆ ಪುಟಗಳಲ್ಲಿ ಎರಡು ಮುದ್ರೆ ಇದ್ದವು. ಶಾಯಿ ಹರಡಿ ಕೆನ್ನೀಲಿ ಮೋಡದ ಹಾಗೆ ಆಗಿತ್ತು. ಕಾಫಿ ಹಣ್ಣಿನಲ್ಲಿ ಕಾಯಿಕೊರಕದ ತೂತು ನೋಡೋಕೆ ಅಂತ ಮೇಜಿನ ಡ್ರಾದಲ್ಲಿ ಒಂದು ಭೂತಗನ್ನಡಿ ಇಟ್ಟಿರುತ್ತೇನೆ. ಅದನ್ನು ತೆಗೆದು, ಕಿಟಕಿ ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಓದಿದೆ. ಒಂದರಲ್ಲಿ ‘ತಲೈಮನ್ನಾರ್ ಪಿಯರ್’. ಇನ್ನೊಂದರಲ್ಲಿ ‘ರಾಮೇಶ್ವರಂ’. ತಾರೀಖು ಅಳಿಸಿತ್ತು, ತಿಂಗಳು ಮತ್ತು ಇಸವಿ ಮಾತ್ರ ಉಳಿದಿತ್ತು: ಮಾರ್ಚ್ 1973.

“ಪಾಟಿಯಮ್ಮ, ಇಲ್ಲಿ ರಾಮೇಶ್ವರಂ ಅಂತಿದೆ. ನೀವು ಕೊಚ್ಚಿ ಅಂದ್ರಲ್ಲ?”

“ಕೋಚ್ಚಿ ಅಂದ್ರೆ ರೈಲು ರೈಟ್ರೇ! ನಮ್ ಸಿಲೋನಲ್ಲಿ ರೈಲಿಗೆ ಹಂಗೇ ಅಂತಾರೆ.”

ಒಂದು ತಿಂಗಳು ನಾನು ಹುಡುಕಿದ್ದ ಬಂದರು ಅಲ್ಲಿಗೆ ಮುಗಿಯಿತು. ನಮ್ಮ ಮೇಸ್ತ್ರಿ ಸೇಲಂ ಕಡೆಯವನು, ಹುಟ್ಟಿದಾಗಿನಿಂದ ತಮಿಳು ಮಾತಾಡುವವನು. ಅವನಿಗೂ ಈ ಮಾತು ಗೊತ್ತಿರಲಿಲ್ಲ. ಅದೊಂದೇ ಸಮಾಧಾನ.

ಮುದ್ರೆ ಸಿಕ್ಕಿದ ಮೇಲೆ ಹಾದಿ ಸಲೀಸಾಯಿತು. ತಲೈಮನ್ನಾರ್, ರಾಮೇಶ್ವರಂ ಅಂತ ಹಾಕಿ ಹುಡುಕಿದ ಮೊದಲ ರಾತ್ರಿಯೇ ಹಡಗು ಸಿಕ್ಕಿತು. ಹೆಸರಿನ ಮುಂದೆ ಟಿ.ಎಸ್.ಎಸ್. (ಟ್ವಿನ್ ಸ್ಕ್ರೂ ಸ್ಟೀಮರ್) ಅಂತ ಸೇರಿಸಬೇಕಿತ್ತು, ಅಷ್ಟೇ. ಟಿ.ಎಸ್.ಎಸ್. ರಾಮಾನುಜಂ. ರಾಮೇಶ್ವರದಿಂದ ತಲೈಮನ್ನಾರಿಗೆ ಜನರನ್ನು ದಾಟಿಸುತ್ತಿದ್ದ ಹಡಗು. ಎರಡೂ ಕಡೆ ದ್ವೀಪವೇ ಅನ್ನೋದು ನಕ್ಷೆ ದೊಡ್ಡದು ಮಾಡಿ ನೋಡಿದಾಗ ಗೊತ್ತಾಯಿತು. ರಾಮೇಶ್ವರ ಇರೋದು ಪಾಂಬನ್ ದ್ವೀಪದಲ್ಲಿ, ತಲೈಮನ್ನಾರ್ ಇರೋದು ಮನ್ನಾರ್ ದ್ವೀಪದ ತುದಿಯಲ್ಲಿ. ಮಧ್ಯೆ ಮರಳಿನ ದಿಬ್ಬಗಳ ಸಾಲು. ನಾವು ರಾಮಸೇತು ಅನ್ನೋದು ಅದನ್ನೇ.

ಆದರೆ ಒಂದು ಹಡಗು ಸಿಕ್ಕರೆ ಅದರ ಹಿಂದಿನದು ಯಾವುದು ಅನ್ನೋ ಪ್ರಶ್ನೆ ಬರುತ್ತದೆ, ಅಲ್ವಾ? ನನಗೆ ಆ ಚಟ ಹತ್ತಿತು. ಹಡಗಿನ ಹೊಗೆ ಕೊಳವೆಯ ಬಣ್ಣ ಯಾವುದು ಅಂತ ತಿಳಿಯೋವರೆಗೂ ಬಿಡಬಾರದು ಅಂತ ಯಾಕೋ ತಲೆಯಲ್ಲಿ ಕೂತಿತು. ಸಿಕ್ಕ ಫೋಟೋ ಕಪ್ಪು ಬಿಳುಪು. ಪಾಟಿಯಮ್ಮನ ಹತ್ತಿರ ಎರಡು ಸಾರಿ ಕೇಳಿದೆ. ಅವರು ಮೊಮ್ಮಗಳನ್ನು ಸ್ಕೂಲ್ ವ್ಯಾನಿಗೆ ಬಿಡಬೇಕು ಅಂತ ಎದ್ದು ಹೋದರು.

ಹಿಂದಿನ ಹಡಗುಗಳ ಸುಳಿವು ಸಿಕ್ಕಿದ್ದು ನಮ್ಮ ತೋಟದ ಬಂಗಲೆಯಲ್ಲೇ. ಬ್ರಿಟಿಷರ ಕಾಲದ ಬಂಗಲೆ ಅದು. ಅಟ್ಟದ ಮೇಲೆ ಎರಡು ಪೆಟ್ಟಿಗೆ ಹಳೇ ಪುಸ್ತಕ ಇದೆ. ಸಾಹುಕಾರರ ಹತ್ತಿರ ಕೇಳಿದೆ. “ಗೆದ್ದಲು ಹಿಡಿಯದೆ ಉಳಿದಿದ್ದು ಏನಿದ್ಯೋ ನೋಡಿ, ಕಸ ಹಾಗೇ ಗುಡಿಸಿ ಬನ್ನಿ” ಅಂದರು. ಕಸ ಗುಡಿಸಿದೆ. ತಳದಲ್ಲಿ ಸೌತ್ ಇಂಡಿಯನ್ ರೈಲ್ವೆಯ ಒಂದು ವೇಳಾಪಟ್ಟಿ ಸಿಕ್ಕಿತು. ರಕ್ಷಾಪುಟ ಇಲ್ಲ. ಬೆಳ್ಳಿಮೀನು ಹುಳ ಅಂಚನ್ನೆಲ್ಲ ಜಾಲರಿ ಮಾಡಿತ್ತು. ಒಂದು ಪುಟದಲ್ಲಿ ಮದ್ರಾಸಿನ ಎಗ್ಮೋರಿನಿಂದ ಶುರುವಾಗಿ ಕೆಳಗೆ ಕೆಳಗೆ ಊರುಗಳು. ಧನುಷ್ಕೋಡಿ ಪಿಯರ್. ಅದರ ಕೆಳಗಿನ ಸಾಲಿನಲ್ಲಿ ಸ್ಟೀಮರ್ ಅನ್ನೋ ಮಾತು. ಅದರ ಕೆಳಗೆ ತಲೈಮನ್ನಾರ್ ಪಿಯರ್. ಮತ್ತೆ ಊರುಗಳು. ಕೊನೆಗೆ ಕೊಲಂಬೊ ಫೋರ್ಟ್. ಸಮುದ್ರ ದಾಟೋದು ವೇಳಾಪಟ್ಟಿಯಲ್ಲಿ ಒಂದು ಸಾಲು, ಅಷ್ಟೇ. ಅರಸೀಕೆರೆಯಲ್ಲಿ ರೈಲು ಬದಲಿಸಿದ ಹಾಗೆ. ಒಂದೇ ಟಿಕೆಟ್ಟಿನಲ್ಲಿ ಮದ್ರಾಸಿನಿಂದ ಕೊಲಂಬೊವರೆಗೂ ಹೋಗಬಹುದಿತ್ತು.

ಆ ರೈಲಿಗೇ ಬೋಟ್ ಮೇಲ್ ಅನ್ನೋದು. ಬೋಟ್ ಇಲ್ಲದೆ ನಲವತ್ತು ವರ್ಷದ ಮೇಲಾದರೂ ಎಗ್ಮೋರ್–ರಾಮೇಶ್ವರಂ ರೈಲನ್ನು ತಮಿಳುನಾಡಿನವರು ಇವತ್ತಿಗೂ ಅದೇ ಹೆಸರಿನಿಂದ ಕರೆಯುತ್ತಾರೆ.

1914ರಲ್ಲಿ ಪಾಂಬನ್ ರೈಲು ಸೇತುವೆ ತೆರೆಯಿತು. ಧನುಷ್ಕೋಡಿ–ತಲೈಮನ್ನಾರ್ ಸ್ಟೀಮರ್ ಶುರುವಾಗಿದ್ದೂ ಅದೇ ವರ್ಷ. ಮೊದಲ ಮೂರು ಹಡಗಿನ ಹೆಸರು ಕರ್ಜನ್, ಎಲ್ಗಿನ್, ಹಾರ್ಡಿಂಜ್. ಮೂವರೂ ವೈಸ್‌ರಾಯ್‌ಗಳು. ಆಮೇಲೆ ಬಂದವು ಇರ್ವಿನ್ ಮತ್ತು ಗೋಶೆನ್. ಇರ್ವಿನ್ ವೈಸ್‌ರಾಯ್, ಗೋಶೆನ್ ಮದ್ರಾಸಿನ ಗವರ್ನರ್. ಈ ಹೆಸರುಗಳನ್ನು ಪಾಟಿಯಮ್ಮನ ಮುಂದೆ ಓದುತ್ತಾ ಹೋದೆ. ಕರ್ಜನ್, ಎಲ್ಗಿನ್ನಿಗೆಲ್ಲ ಅವರು ಸುಮ್ನೆ ಅವರೆಕಾಯಿ ಬಿಡಿಸುತ್ತಿದ್ದರು. ಇರ್ವಿನ್ ಅಂದ ತಕ್ಷಣ ಕೈ ನಿಂತಿತು.

“ಇರುವಿನ್! ನಮ್ಮ ತಾತ ಹೋಗಿದ್ದು ಇರುವಿನ್ ಕಪ್ಪಲ್ಲಲ್ಲಿ. ಅಪ್ಪ ಯಾವಾಗ್ಲೂ ಹೇಳೋರು.”

ಭಾರತದಿಂದ ಸಿಲೋನಿಗೆ ಕೂಲಿಗಳು ಹೋಗೋದನ್ನು ನಮ್ಮ ಸರ್ಕಾರ ನಿಲ್ಲಿಸಿದ್ದು 1939ರಲ್ಲಿ. ಅಂದರೆ ತಾತ ಅದಕ್ಕೆ ಮೊದಲೇ ಹೋಗಿರಬೇಕು. ಒಂದು ಮನೆತನ ಹೋಗುವಾಗ ಇರ್ವಿನ್, ಬರುವಾಗ ರಾಮಾನುಜಂ. ನಾನು ಹುಡುಕುತ್ತಿದ್ದ ಎರಡು ಹಡಗು ಎರಡು ತುದಿಯಲ್ಲಿ ನಿಂತಿದ್ದವು, ನಡುವೆ ಅವರೆಕಾಯಿ ಬಿಡಿಸುತ್ತಾ ಪಾಟಿಯಮ್ಮ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬೋಟ್ ಮೇಲ್ ಬಗ್ಗೆ ಬರೆದಿರೋದು ಬೇಕಾದಷ್ಟು ಸಿಗುತ್ತದೆ. ಎಲ್ಲ ಮೊದಲ ದರ್ಜೆಯವರ ಕಣ್ಣಿನಲ್ಲಿ ನೋಡಿದ್ದು. ತಾತನಂಥವರ ಹಾದಿ ಬೇರೆಯೇ ಇತ್ತು. ಅವರನ್ನು ಮೊದಲು ಮಂಡಪಂ ಕ್ಯಾಂಪಿನಲ್ಲಿ ಇಳಿಸಿ, ರೋಗ ಇದೆಯಾ ಅಂತ ನೋಡಿ, ದಿನಗಟ್ಟಲೆ ಕೂರಿಸಿ, ಆಮೇಲೆ ಹಡಗಿಗೆ ಹತ್ತಿಸುತ್ತಿದ್ದರು. ಅದಕ್ಕೂ ಹಿಂದೆ ಹೋದವರದ್ದು ಇನ್ನೂ ಕಷ್ಟ. ದೋಣಿಯಲ್ಲಿ ಮನ್ನಾರ್ ಕಡೆ ಇಳಿದು, ಕಾಡಿನಲ್ಲಿ ಬೆಟ್ಟದ ಸೀಮೆಯ ಮಾತಳೆವರೆಗೆ ನಡೆಯಬೇಕಿತ್ತು. ಹಸಿವಿಗೆ, ಕಾಲರಾಕ್ಕೆ ದಾರಿಯಲ್ಲೇ ಸತ್ತವರು ಬಹಳ. ಕರೆದುಕೊಂಡು ಹೋಗುತ್ತಿದ್ದವನು ಕಂಗಾಣಿ. ಮುಂಗಡ ಕೊಟ್ಟು, ಸಾಲ ಹೊರಿಸಿ, ಗುಂಪು ಕಟ್ಟಿಕೊಂಡು ಹೋಗುವವನು. ನಮ್ಮ ಕಡೆಯ ಮೇಸ್ತ್ರಿ ಪದ್ಧತಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರು ಮೊದಲು ಹೋಗಿದ್ದು ಯಾವುದಕ್ಕೆ ಗೊತ್ತಾ? ಕಾಫಿಗೆ. ನನಗೆ ಇದು ಹೊಳೆದಿದ್ದು ಮೈಲುತುತ್ತ ಕರಗಿಸುತ್ತಾ ನಿಂತಿದ್ದಾಗ. ಮಳೆಗಾಲದ ಬಿಡುವಿನಲ್ಲಿ ಬೋರ್ಡೋ ಹೊಡೆಸುತ್ತಿದ್ದೆವು. ಒಂದು ಡ್ರಮ್ಮಿನಲ್ಲಿ ಸುಣ್ಣ, ಇನ್ನೊಂದರಲ್ಲಿ ಮೈಲುತುತ್ತ. ಗಿಡದ ಎಲೆ ತಿರುಗಿಸಿದರೆ ಕೆಳಗೆ ಕಿತ್ತಳೆ ಬಣ್ಣದ ಪುಡಿ. ಬೆರಳಿಗೆ ಅರಿಶಿನದ ಹಾಗೆ ಅಂಟುತ್ತದೆ. ಎಲೆ ತುಕ್ಕು. ಸಿಲೋನಿನಲ್ಲಿ 1869ರಲ್ಲಿ ಕಾಣಿಸಿಕೊಂಡ ಇದೇ ರೋಗ ಅಲ್ಲಿಯ ಕಾಫಿ ತೋಟಗಳನ್ನು ಮುಗಿಸಿತು. ದೊರೆಗಳು ಕಾಫಿ ಕಿತ್ತು ಟೀ ಹಾಕಿದರು. ಕಾಫಿ ಕೊಯ್ಲಿಗೆ ವರ್ಷದಲ್ಲಿ ಕೆಲವು ತಿಂಗಳು ಜನ ಬೇಕು, ಬಂದವರು ವಾಪಸ್ ಹೋಗಬಹುದು. ಟೀ ಎಲೆ ವರ್ಷಪೂರ್ತಿ ಕೀಳಬೇಕು. ಹಾಗಾಗಿ ಹೋದವರು ಅಲ್ಲೇ ಉಳಿದರು. ನಮ್ಮ ಕಡೆಗೂ ತುಕ್ಕು ಬಂತು, ಆದರೆ ನಾವು ಕಾಫಿ ಬಿಡಲಿಲ್ಲ. ಬಾಳೆಹೊನ್ನೂರಿನಲ್ಲಿ 1925ರಿಂದ ಸಂಶೋಧನಾ ಕೇಂದ್ರ ಇದೆ, ಇವತ್ತಿಗೂ ಅಲ್ಲಿ ಇದರ ಜೊತೆ ಗುದ್ದಾಟ ನಡೆದೇ ಇದೆ. ಹಡಗಿನ ಇತಿಹಾಸ ಹುಡುಕಲು ಹೋದವನು ನನ್ನದೇ ಗಿಡದ ಎಲೆಯ ಕೆಳಗೆ ಬಂದು ನಿಂತಿದ್ದೆ.

ಅಲ್ಲೇ ಉಳಿದವರಿಗೆ 1948ರಲ್ಲಿ ಸಿಲೋನ್ ಪೌರತ್ವ ಕಾನೂನು ಮಾಡಿ ನೀವು ನಮ್ಮವರಲ್ಲ ಅಂದಿತು. ಭಾರತವೂ ಅವರನ್ನು ತನ್ನವರು ಅನ್ನಲಿಲ್ಲ. 1964ರ ಅಕ್ಟೋಬರ್ 30ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡರು. ಒಟ್ಟು 9,75,000 ಜನ. ಅದರಲ್ಲಿ 5,25,000 ಭಾರತಕ್ಕೆ, 3,00,000 ಸಿಲೋನಿಗೆ, ಉಳಿದವರದ್ದು ಆಮೇಲೆ ನೋಡೋಣ. ಕಾಫಿ ಮೂಟೆ ಹಂಚಿದ ಹಾಗಿದೆ ಲೆಕ್ಕ. ಶಾಸ್ತ್ರಿ ಅಂದರೆ ನಮಗೆ ತಾಷ್ಕೆಂಟ್ ನೆನಪಾಗುತ್ತದೆ, ಇದು ಯಾರಿಗೂ ನೆನಪಿಲ್ಲ.

ಆ ಸಹಿ ಬಿದ್ದು ಎರಡು ತಿಂಗಳೂ ಆಗಿರಲಿಲ್ಲ. ಡಿಸೆಂಬರ್ 22ರ ರಾತ್ರಿ ಚಂಡಮಾರುತ ಬಂತು. ಪಾಂಬನ್‌ನಿಂದ ಹೊರಟಿದ್ದ ಪ್ಯಾಸೆಂಜರ್ ರೈಲು ಧನುಷ್ಕೋಡಿ ಮುಟ್ಟುವ ಮೊದಲೇ ಅಲೆಯಲ್ಲಿ ಹೋಯಿತು, ಒಳಗಿದ್ದ ನೂರಕ್ಕೂ ಹೆಚ್ಚು ಜನರ ಸಮೇತ. ಧನುಷ್ಕೋಡಿ ಊರೇ ಹೋಯಿತು. ಪಾಂಬನ್ ಸೇತುವೆಯನ್ನು 46 ದಿನದಲ್ಲಿ ರಿಪೇರಿ ಮಾಡಿದರು. ಆ ಕೆಲಸ ಮಾಡಿಸಿದವರು ಇ. ಶ್ರೀಧರನ್, ಆಮೇಲೆ ಕೊಂಕಣ ರೈಲ್ವೆ ಕಟ್ಟಿದವರು. ಆದರೆ ಧನುಷ್ಕೋಡಿಗೆ ಮತ್ತೆ ರೈಲು ಬರಲಿಲ್ಲ. ಹಡಗು ರಾಮೇಶ್ವರಕ್ಕೆ ಬಂತು. ಪಾಟಿಯಮ್ಮನ ಪಾಸ್‌ಪೋರ್ಟಿನಲ್ಲಿ ರಾಮೇಶ್ವರಂ ಮುದ್ರೆ ಇರೋದು ಆ ಕಾರಣಕ್ಕೆ.

2024ರ ಮಾರ್ಚಿನಲ್ಲಿ, ಕೊಯ್ಲು ಮುಗಿದು ಹೂಮಳೆಗೆ ಇನ್ನೂ ಕಾಯುತ್ತಿದ್ದಾಗ, ನಾಲ್ಕು ದಿನ ರಜೆ ಹಾಕಿದೆ. ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಮಧುರೈ, ಅಲ್ಲಿಂದ ಬಸ್ಸು. ಹಳೇ ಪಾಂಬನ್ ರೈಲು ಸೇತುವೆ 2022ರ ಡಿಸೆಂಬರಿನಲ್ಲೇ ಮುಚ್ಚಿತ್ತು, ಪಕ್ಕದಲ್ಲಿ ಹೊಸದರ ಕೆಲಸ ನಡೆದಿತ್ತು. ಮಂಡಪಂನಲ್ಲಿ ಇಳಿದು ಕ್ಯಾಂಪಿನ ಗೇಟಿನವರೆಗೆ ಹೋದೆ. ಈಗಲೂ ಅದು ಕ್ಯಾಂಪೇ, ಯುದ್ಧಕ್ಕೆ ಹೆದರಿ ಬಂದ ಶ್ರೀಲಂಕಾದ ತಮಿಳರು ಇದ್ದಾರೆ. ಒಳಗೆ ಬಿಡಲಿಲ್ಲ. ಬಿಡಬೇಕು ಅಂತ ನಾನೂ ಕೇಳಲಿಲ್ಲ. ಪಾಟಿಯಮ್ಮನ ಮನೆಯವರು ಹಡಗಿಳಿದ ಮೇಲೆ ಇಲ್ಲೇ ಮೂರು ವಾರ ಇದ್ದರಂತೆ. ಒಬ್ಬ ಆಫೀಸರು ಪಟ್ಟಿ ನೋಡಿ “ಮೈಸೂರು ರಾಜ್ಯ, ರಬ್ಬರ್” ಅಂದರಂತೆ. ಟೀ ಎಲೆ ಬಿಟ್ಟು ಬೇರೆ ಏನೂ ಕಿತ್ತು ಗೊತ್ತಿಲ್ಲದ ಮನೆಯವರು ಹಾಗೆ ಸುಳ್ಯಕ್ಕೆ ಬಂದರು.

ರಾಮೇಶ್ವರದಲ್ಲಿ ಸಮುದ್ರದ ಹತ್ತಿರ ಒಂದು ಟೀ ಅಂಗಡಿಯಲ್ಲಿ ಕೂತು, ನನ್ನ ಹರಕು ತಮಿಳಿನಲ್ಲಿ “ರಾಮಾನುಜಂ ಕಪ್ಪಲ್” ಅಂದೆ. ಅಂಗಡಿಯವನಿಗೆ ಎಪ್ಪತ್ತರ ಹತ್ತಿರ. ಟೀ ಎತ್ತಿ ಹೊಯ್ಯುತ್ತಿದ್ದ ಕೈಯನ್ನು ಹಾಗೇ ಸಮುದ್ರದ ಕಡೆ ಚಾಚಿದ, ಹಡಗು ಈಗ ತಾನೇ ಹೊರಟಿತು ಅನ್ನೋ ಹಾಗೆ. ಹುಡುಗನಾಗಿದ್ದಾಗ ಹಡಗು ಬರುವ ಹೊತ್ತಿಗೆ ವಡೆ ಮಾರುತ್ತಿದ್ದನಂತೆ. ಹೋಗುವವರು ಹೆಚ್ಚು ತಿನ್ನುತ್ತಿದ್ದರು, ಬಂದಿಳಿದವರು ಏನೂ ಕೊಳ್ಳುತ್ತಿರಲಿಲ್ಲ ಅಂದ. ನಾನು ಹೊಗೆ ಕೊಳವೆಯ ಬಣ್ಣ ಕೇಳಿದೆ. “ಹಳದಿ” ಅಂದ. ಬೆಂಚಿನ ಮೇಲೆ ಕೂತಿದ್ದ ಇನ್ನೊಬ್ಬ “ಯಾವ ಹಳದಿ? ಕಪ್ಪು” ಅಂದ. ಇಬ್ಬರಿಗೂ ಜಗಳ ಹತ್ತಿತು. ನಾನು ಎರಡನೇ ಟೀ ಕುಡಿದು ಎದ್ದೆ.

ಮಧ್ಯಾಹ್ನ ಧನುಷ್ಕೋಡಿಗೆ ಹೋದೆ. ಛಾವಣಿ ಇಲ್ಲದ ಚರ್ಚು, ರೈಲ್ವೆ ಕಟ್ಟಡದ ಎರಡು ಗೋಡೆ, ಶಂಖದ ಸರ ಮಾರುವವರು. ಕೊನೆಯಲ್ಲಿ ಅರಿಚಲ್ ಮುನೈ, ರಸ್ತೆ ಮುಗಿಯುವ ಜಾಗ. ಅಲ್ಲಿ ನಿಂತಿದ್ದಾಗ ಮೊಬೈಲು ಗುಂಯ್ ಅಂತು. ಶ್ರೀಲಂಕಾಕ್ಕೆ ಸ್ವಾಗತ ಅಂತ ಮೆಸೇಜು! ಪಾಟಿಯಮ್ಮನ ಮಗಳಿಗೆ ವೀಡಿಯೋ ಕಾಲ್ ಮಾಡೋಣ ಅಂದುಕೊಂಡಿದ್ದೆ, ರೋಮಿಂಗ್ ಬಿಲ್ಲಿಗೆ ಹೆದರಿ ಫೋನ್ ಆಫ್ ಮಾಡಿಬಿಟ್ಟೆ.

ಶ್ರೀಲಂಕಾದಲ್ಲಿ 1983ರ ಜುಲೈ ಗಲಭೆ, ಅದರ ಹಿಂದೆಯೇ ಯುದ್ಧ. ರಾಮಾನುಜಂ ಓಡಾಟ ಆಗಲೇ ನಿಂತಿತು. ಯುದ್ಧ ಮುಗಿದ ಮೇಲೆ ತಲೈಮನ್ನಾರ್‌ವರೆಗೆ ರೈಲು ಹಳಿ ಮತ್ತೆ ಹಾಕಿದರು, 2015ರಲ್ಲಿ ರೈಲು ಬಂತು. ಆದರೆ ಈ ಕಡೆಯಿಂದ ಅಲ್ಲಿಗೆ ಹಡಗಿಲ್ಲ. 2023ರ ಅಕ್ಟೋಬರಿನಲ್ಲಿ ನಾಗಪಟ್ಟಣದಿಂದ ಶ್ರೀಲಂಕಾದ ಕಾಂಕೇಸಂತುರೈಗೆ ಬೇರೆ ಒಂದು ಹಡಗು ಶುರುವಾಯಿತು. ಅದನ್ನು ಪೇಪರಿನಲ್ಲಿ ಓದಿ ಪಾಟಿಯಮ್ಮನಿಗೆ ಹೇಳಿದಾಗ ಅವರು ತುಂಬಾ ಗಂಭೀರವಾಗಿ, “ನನ್ ಹತ್ರ ಪಾಸ್‌ಪೋರ್ಟ್ ಇದ್ಯಲ್ಲ, ನಡೆಯುತ್ತಾ?” ಅಂತ ಕೇಳಿದ್ದರು.

ಪಿಂಚಣಿಗೂ ಅದು ನಡೆಯಲಿಲ್ಲ. ಇಸವಿ ಮಾತ್ರ ಇದೆ, ತಾರೀಖಿಲ್ಲ ಅಂದರು. ಕೊನೆಗೆ ಡಾಕ್ಟರ ಹತ್ತಿರ ವಯಸ್ಸಿನ ಸರ್ಟಿಫಿಕೇಟ್ ಮಾಡಿಸಿ, ನಾಲ್ಕು ಸಾರಿ ಅಲೆದು, ಮಂಜೂರಾಯಿತು.

ಊರಿಗೆ ಬಂದವನು ಹಡಗಿನ ಫೋಟೋವನ್ನು ಮೂಡಿಗೆರೆಯ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಪಾಟಿಯಮ್ಮನ ಮನೆಗೆ ಒಯ್ದೆ. ಅವರು ಗೋಡೆ ಪಕ್ಕದ ತಗಡಿನ ಟ್ರಂಕಿನ ಮೇಲೆ ಕೂತಿದ್ದರು. ಅದೂ ಹಡಗಿನಲ್ಲಿ ಬಂದ ಟ್ರಂಕೇ. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಅಪ್ಪನ ಹೆಸರು ಅರ್ಧ ಉಳಿದಿದೆ. ಈಗ ಒಳಗೆ ಒಣ ಮೆಣಸು.

ಫೋಟೋ ಕೈಗೆ ಕೊಟ್ಟೆ. ತುಂಬಾ ಹೊತ್ತು ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. ಆಮೇಲೆ ಹಡಗಿನ ಹಿಂಭಾಗದ ಕಂಬಿ ಮೇಲೆ ಬೆರಳಿಟ್ಟರು.

“ಇಲ್ಲಿ ನಿಂತಿದ್ವಿ. ಅಮ್ಮ ನಿಂಬೆಹಣ್ಣು ಕೊಟ್ಟಿದ್ರು. ಆದ್ರೂ ವಾಂತಿ ಮಾಡ್ದೆ.”

ನಾನು ಬಿಡಲಿಲ್ಲ. ಹೊಗೆ ಕೊಳವೆ ತೋರಿಸಿ ಮೂರನೇ ಸಾರಿ ಕೇಳಿದೆ. “ಇದು ಯಾವ ಬಣ್ಣ ಇತ್ತು ಪಾಟಿಯಮ್ಮ?”

“ಯಾರು ನೋಡಿದ್ರು ರೈಟ್ರೇ? ನಾವೆಲ್ಲ ಹಿಂದೆ ನೋಡ್ತಾ ಇದ್ವಿ.”